ನೂರು ವರ್ಷ ಭೋಗ್ಯಕ್ಕೆ ಹೋದ ಬಂದರು

ಜರ್ಮನಿಯ ಉತ್ತರದ ಅಂಚಿನಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಮೇಲೆ ವಿಸ್ಮಾರ್ ಅಂತ ಒಂದು ಬಂದರು ಊರಿದೆ. 1803ರಲ್ಲಿ ಸ್ವೀಡನ್ನಿನ ರಾಜ ಈ ಊರನ್ನು ಪಕ್ಕದ ಮೆಕ್ಲೆನ್‌ಬುರ್ಗ್ ಸೀಮೆಯ ಡ್ಯೂಕ್‌ಗೆ ಭೋಗ್ಯಕ್ಕೆ ಕೊಟ್ಟ. ಒಂದು ಮನೆಯನ್ನಲ್ಲ, ಒಂದು ಹೊಲವನ್ನಲ್ಲ. ಚರ್ಚು, ಕೋರ್ಟು, ಬಂದರು, ಜನ ಎಲ್ಲದರ ಸಮೇತ ಇಡೀ ಊರನ್ನು ಕೊಟ್ಟ. ಅವಧಿ ನೂರು ವರ್ಷ. ಹಣ 12 ಲಕ್ಷದ 50 ಸಾವಿರ ಥಾಲರ್ ನಾಣ್ಯ.

ಜರ್ಮನಿಯ ಊರೊಂದು ಸ್ವೀಡನ್ ಕೈಗೆ ಹೇಗೆ ಹೋಯಿತು? ಭೋಗ್ಯಕ್ಕೆ ಹಾಕುವಷ್ಟು ಬೆಲೆ ಅದಕ್ಕೆ ಎಲ್ಲಿಂದ ಬಂತು? ಇಷ್ಟೆಲ್ಲ ಆದ ಮೇಲೂ ಅದರ ಹಳೆಯ ಬೀದಿಗಳು ಹದಿಮೂರು, ಹದಿನಾಲ್ಕನೇ ಶತಮಾನದ ಗೆರೆಯಲ್ಲೇ ಉಳಿದಿದ್ದು ಯಾಕೆ? ವಿಸ್ಮಾರ್‌ಗೆ ಹೋಗುವವರು ಈ ಮೂರು ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಅಲ್ಲಿನ ಒಂದೊಂದು ಗೋಡೆಯೂ ಉತ್ತರ ಹೇಳುತ್ತದೆ. ಸುಮ್ನೆ ಫೋಟೋ ತೆಗೆದುಕೊಂಡು ಬರೋದಕ್ಕೂ ಚೆನ್ನಾಗಿದೆ, ಇಲ್ಲ ಅನ್ನೋಲ್ಲ. ಆದರೆ ಅಷ್ಟಕ್ಕೇ ಬಿಟ್ಟರೆ ತುಂಬಾ ಕಳೆದುಕೊಳ್ಳುತ್ತೇವೆ.

ಜಾಗದಿಂದಲೇ ಶುರು ಮಾಡೋಣ. ಊರಿನ ಮುಂದೆ ಆಳವಾಗಿ ಒಳಕ್ಕೆ ಚಾಚಿದ ಕೊಲ್ಲಿ. ಕೊಲ್ಲಿಯ ಬಾಯಲ್ಲಿ ಪೋಯೆಲ್ ಅನ್ನೋ ದ್ವೀಪ. ತೆರೆದ ಕಡಲಿನ ಅಲೆಗಳನ್ನು ಆ ದ್ವೀಪವೇ ತಡೆಯುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಭರತ ಇಳಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಶ್ಚಿಮದ ಉತ್ತರ ಸಮುದ್ರದ ಕಡೆ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಹಡಗುಗಳು ಅದಕ್ಕಾಗಿ ಕಾಯಬೇಕು. ವಿಸ್ಮಾರ್‌ನಲ್ಲಿ ಆ ತಾಪತ್ರಯವಿಲ್ಲ. ಯಾವ ಹೊತ್ತಿಗೆ ಬಂದರೂ ಧಕ್ಕೆಗೆ ಹಡಗು ಕಟ್ಟಿ ಸರಕು ಇಳಿಸಬಹುದು. 1229ರಲ್ಲಿ ಈ ಊರಿನ ಹೆಸರು ನಗರವಾಗಿ ದಾಖಲೆಗೆ ಬಂತು. ಅದಾಗಿ ಮೂವತ್ತೇ ವರ್ಷಕ್ಕೆ, 1259ರಲ್ಲಿ, ವಿಸ್ಮಾರ್, ಲ್ಯೂಬೆಕ್, ರೋಸ್ಟಾಕ್ ಊರುಗಳು ಕಡಲ್ಗಳ್ಳರ ವಿರುದ್ಧ ಒಟ್ಟಾಗಿ ನಿಲ್ಲುತ್ತೇವೆಂದು ಒಪ್ಪಂದ ಮಾಡಿಕೊಂಡವು. ಹಾನ್ಸಾ ಒಕ್ಕೂಟ ಬೆಳೆದಿದ್ದು ಇಂಥ ಒಪ್ಪಂದಗಳಿಂದಲೇ.

ಹಾನ್ಸಾ ಅಂದರೆ ಏನು ಅನ್ನೋದೇ ಹಲವರಿಗೆ ಗೊಂದಲ. ಅದು ದೇಶವಲ್ಲ, ಕಂಪನಿಯೂ ಅಲ್ಲ. ಅದಕ್ಕೆ ರಾಜನಿಲ್ಲ, ಕಾಯಂ ಸೈನ್ಯವಿಲ್ಲ, ಶಾಶ್ವತ ಖಜಾನೆಯಿಲ್ಲ. ಅದು ವ್ಯಾಪಾರಿ ಊರುಗಳ ಕೂಟ. ಊರುಗಳ ಪ್ರತಿನಿಧಿಗಳು ಆಗಾಗ ಸಭೆ ಸೇರುತ್ತಿದ್ದರು, ಹೆಚ್ಚಾಗಿ ಲ್ಯೂಬೆಕ್‌ನಲ್ಲಿ. ಯಾವ ಊರಿನ ವ್ಯಾಪಾರಿಗೆ ಯಾರು ಮೋಸ ಮಾಡಿದರು, ಯಾವ ರಾಜ ಸುಂಕ ಹೆಚ್ಚು ಮಾಡಿದ, ಯಾರ ಜೊತೆ ವ್ಯಾಪಾರ ನಿಲ್ಲಿಸಬೇಕು ಅಂತ ತೀರ್ಮಾನಿಸುತ್ತಿದ್ದರು. ವ್ಯಾಪಾರ ನಿಲ್ಲಿಸುವುದೇ ಅವರ ದೊಡ್ಡ ಅಸ್ತ್ರ. ಲಂಡನ್, ಬ್ರುಗೆ, ನಾರ್ವೆಯ ಬರ್ಗೆನ್, ರಷ್ಯಾದ ನವ್‌ಗೊರೊದ್, ಈ ನಾಲ್ಕು ಕಡೆ ಅವರ ದೊಡ್ಡ ಕೋಠಿಗಳಿದ್ದವು. ಪೂರ್ವದಿಂದ ತುಪ್ಪಳ, ಮೇಣ. ಪಶ್ಚಿಮದಿಂದ ಬಟ್ಟೆ. ಉತ್ತರದಿಂದ ಒಣಮೀನು.

ಆದರೆ ಇವರ ಊಟದ ತಟ್ಟೆಗೂ ದುಡ್ಡಿನ ಪೆಟ್ಟಿಗೆಗೂ ನೇರ ಸಂಬಂಧವಿದ್ದದ್ದು ಹೆರಿಂಗ್ ಮೀನಿಗೆ. ನಮ್ಮ ಕರಾವಳಿಯ ಬೂತಾಯಿಗೆ ಇದು ಹತ್ತಿರದ ನೆಂಟ. ಆ ಕಾಲದ ಕ್ರೈಸ್ತ ಯುರೋಪಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಾಂಸ ನಿಷಿದ್ಧ. ಮೀನು ತಿನ್ನಬಹುದಿತ್ತು. ಕಡಲಿಂದ ನೂರಾರು ಮೈಲಿ ದೂರದ ಊರಿನವರಿಗೂ ಮೀನು ಬೇಕು. ಹೆರಿಂಗ್‌ನಲ್ಲಿ ಎಣ್ಣೆ ಜಾಸ್ತಿ, ಹಿಡಿದ ತಕ್ಷಣ ಕೆಡಲು ಶುರುವಾಗುತ್ತದೆ. ಕರುಳು ತೆಗೆದು, ಉಪ್ಪು ಹಾಕಿ, ಮರದ ಪೀಪಾಯಿಯಲ್ಲಿ ಒತ್ತಿ ತುಂಬಿದರೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಮೀನು ಸಿಗುತ್ತಿದ್ದದ್ದು ಇಂದಿನ ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ತೀರದಲ್ಲಿ. ಆಗ ಅದು ಡೆನ್ಮಾರ್ಕಿನದು. ಉಪ್ಪು ಇದ್ದದ್ದು ಜರ್ಮನಿಯ ಒಳನಾಡಿನ ಲ್ಯೂನೆಬುರ್ಗ್‌ನಲ್ಲಿ. ಉಪ್ಪನ್ನೂ ಮೀನನ್ನೂ ಒಂದು ಕಡೆ ಸೇರಿಸಿದವನು ಶ್ರೀಮಂತನಾದ. ಹಾನ್ಸಾ ವ್ಯಾಪಾರಿಗಳು ಅದನ್ನೇ ಮಾಡಿದರು.

ವಿಸ್ಮಾರ್‌ನವರು ತಮ್ಮದೇ ಇನ್ನೊಂದು ಸರಕನ್ನು ಸೇರಿಸಿದರು: ಬಿಯರ್. ಹಾಪ್ಸ್ ಹೂವು ಹಾಕಿ ಕಾಸಿದ ಬಿಯರ್ ಬೇಗ ಕೆಡೋದಿಲ್ಲ, ಹಡಗಿನಲ್ಲಿ ದೂರ ಸಾಗಿಸಬಹುದು. ಈ ಊರಿನಲ್ಲಿ ಬಿಯರ್ ಮಾಡುವವರೇ ದೊಡ್ಡ ಕುಳಗಳಾದರು. ನಿಕೊಲಾಯ್ ಚರ್ಚಿನ ಎದುರಿಗೆ ಷಾಬೆಲ್ ಹೌಸ್ ಅನ್ನೋ ಸುಂದರವಾದ ಮನೆ ಇದೆ. 1569ರಿಂದ 1571ರ ನಡುವೆ ಅದನ್ನು ಕಟ್ಟಿಸಿದ ಹಿನ್‌ರಿಷ್ ಷಾಬೆಲ್ ಒಬ್ಬ ಬಿಯರ್ ತಯಾರಕ, ಮುಂದೆ ಊರಿನ ಮೇಯರ್ ಕೂಡ ಆದ. ಈಗ ಅದೇ ಊರಿನ ಮ್ಯೂಸಿಯಂ.

ಹಳೆಯ ಬೀದಿಗಳಲ್ಲಿ ನಡೆಯುವಾಗ ಮನೆಗಳ ಆಕಾರ ನೋಡಿ. ಮುಂಭಾಗ ಕಿರಿದು, ಹಿಂದಕ್ಕೆ ಉದ್ದ. ಬೀದಿಯತ್ತ ಮುಖ ಮಾಡಿರುವುದು ಚಾವಣಿಯ ತ್ರಿಕೋನದ ಗೋಡೆ, ಅದಕ್ಕೆ ಮೆಟ್ಟಿಲುಮೆಟ್ಟಿಲಾದ ಅಂಚು. ಬಂದರಿಗೆ ಹೋಗುವ ಬೀದಿಯಲ್ಲಿ ಎಲ್ಲರಿಗೂ ಒಂದಿಷ್ಟು ಮುಂಭಾಗ ಬೇಕಿತ್ತು, ಅದಕ್ಕೇ ನಿವೇಶನಗಳು ಸಣ್ಣ ಪಟ್ಟಿಗಳಾದವು. ಕೆಳಗೆ ಎತ್ತರದ ಒಂದೇ ಹಜಾರ. ವ್ಯಾಪಾರ, ಲೆಕ್ಕ, ಅಡುಗೆ ಎಲ್ಲ ಅಲ್ಲೇ. ಮೇಲಿನ ಅಟ್ಟಗಳೆಲ್ಲ ಗೋದಾಮು. ಒಳಗೆ ದೊಡ್ಡ ಚಕ್ರಕ್ಕೆ ಹಗ್ಗ ಸುತ್ತಿ ಮೂಟೆಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಅಷ್ಟು ದೊಡ್ಡ ಹಜಾರವನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಆಗುತ್ತಿರಲಿಲ್ಲ, ಹಾಗಾಗಿ ಹಿತ್ತಲಿಗೆ ಒಂದು ಸಣ್ಣ ಭಾಗ ಸೇರಿಸಿ ಮನೆಯವರು ಅಲ್ಲಿ ಇರುತ್ತಿದ್ದರು. ಅಂದರೆ ಇದು ಗೋದಾಮಿನೊಳಗೆ ಬದುಕಿದ ಜನರ ಊರು. ಮಾರುಕಟ್ಟೆ ಚೌಕದಲ್ಲಿರುವ ‘ಆಲ್ಟರ್ ಶ್ವೀಡೆ’ ಅನ್ನೋ ಕಟ್ಟಡ ಈ ಮಾದರಿಗೆ ಒಳ್ಳೆಯ ಉದಾಹರಣೆ. ಅದು 1380ರ ಸುಮಾರಿನದು.

ಇಟ್ಟಿಗೆಯಲ್ಲಿ ಆಕಾಶ ಮುಟ್ಟಿದವರು

ವಿಸ್ಮಾರ್ ಕೆಂಪು ಊರು. ಚರ್ಚು, ಕೋಟೆ ಬಾಗಿಲು, ಮನೆ ಎಲ್ಲ ಸುಟ್ಟ ಇಟ್ಟಿಗೆಯವು. ಇದಕ್ಕೆ ಕಾರಣ ಹಿಮಯುಗದಲ್ಲಿದೆ. ಬಾಲ್ಟಿಕ್‌ನ ಈ ದಂಡೆಯಲ್ಲಿ ಕಲ್ಲು ಗಣಿಗಳಿಲ್ಲ. ಉತ್ತರದಿಂದ ಸರಿದು ಬಂದ ಹಿಮನದಿಗಳು ಕರಗಿ ಹೋಗುವಾಗ ಬಿಟ್ಟು ಹೋಗಿದ್ದು ಮರಳು, ಜೇಡಿಮಣ್ಣು, ಅಲ್ಲಲ್ಲಿ ಗುಂಡು ಬಂಡೆಗಳು. ಬಂಡೆಗಳನ್ನು ಅಡಿಪಾಯಕ್ಕೆ ಹಾಕಿದರು, ಜೇಡಿಮಣ್ಣನ್ನು ಇಟ್ಟಿಗೆ ಮಾಡಿದರು. ಮಣ್ಣಿನಲ್ಲಿದ್ದ ಕಬ್ಬಿಣದ ಅಂಶ ಬೆಂಕಿಯಲ್ಲಿ ಕೆಂಪಾಯಿತು.

ಇಟ್ಟಿಗೆಗೆ ಒಂದು ಮಿತಿಯಿದೆ. ಅದರಲ್ಲಿ ಶಿಲ್ಪ ಕೆತ್ತಲು ಆಗುವುದಿಲ್ಲ. ಫ್ರಾನ್ಸಿನ ಗೋಥಿಕ್ ಚರ್ಚುಗಳ ಬಾಗಿಲ ತುಂಬ ಸಂತರ ಮೂರ್ತಿಗಳಿರುತ್ತವೆ, ಇಲ್ಲಿ ಅದು ಸಾಧ್ಯವಿಲ್ಲ. ಇಲ್ಲಿನ ಗಾರೆಯವರು ಬೇರೆ ದಾರಿ ಹಿಡಿದರು. ಅಚ್ಚಿನಲ್ಲಿ ಬೇರೆ ಬೇರೆ ಆಕಾರದ ಇಟ್ಟಿಗೆ ಮಾಡಿದರು, ಕೆಲವಕ್ಕೆ ಹೊಳಪಿನ ಮೆರುಗು ಕೊಟ್ಟರು, ಅವನ್ನೇ ಸಾಲು ಸಾಲಾಗಿ ಜೋಡಿಸಿ ಅಲಂಕಾರ ಮಾಡಿದರು. ನಿಕೊಲಾಯ್ ಚರ್ಚಿನ ದಕ್ಷಿಣ ದಿಕ್ಕಿನ ಗೋಡೆಯ ಮೇಲೆ ಹೀಗೆ ಮೆರುಗು ಕೊಟ್ಟ ಆಕೃತಿಗಳನ್ನು ನೋಡಬಹುದು. ಉಳಿದ ಶಕ್ತಿಯನ್ನೆಲ್ಲ ಎತ್ತರಕ್ಕೆ ಹಾಕಿದರು.

ಯಾಕಿಷ್ಟು ಎತ್ತರ? ಇದರಲ್ಲಿ ಭಕ್ತಿಯಷ್ಟೇ ಪಂತವೂ ಇತ್ತು. ಲ್ಯೂಬೆಕ್‌ನ ವ್ಯಾಪಾರಿಗಳು ತಮ್ಮ ಊರಿನ ಬಿಷಪ್ಪರ ದೊಡ್ಡ ಚರ್ಚನ್ನೂ ಮೀರಿಸುವಂತೆ ಮೇರಿ ಮಾತೆಯ ಚರ್ಚು ಕಟ್ಟಿಸಿದರು. ಅದರ ನಡುವಿನ ಹಜಾರ 38 ಮೀಟರಿಗೂ ಎತ್ತರ. ಅದನ್ನು ನೋಡಿ ದಂಡೆಯ ಉಳಿದ ಊರುಗಳೂ ಪೈಪೋಟಿಗಿಳಿದವು. ವಿಸ್ಮಾರ್‌ನ ನಿಕೊಲಾಯ್ ಚರ್ಚಿನ ಹಜಾರ 37 ಮೀಟರ್. 1381ರಲ್ಲಿ ಶುರುವಾದ ಕೆಲಸ ಮುಗಿಯಲು ನೂರು ವರ್ಷ ಹಿಡಿಯಿತು. ಇದು ನಾವಿಕರ, ಮೀನುಗಾರರ ಚರ್ಚು. ವಿಸ್ಮಾರ್‌ನಲ್ಲಿ ಒಂದೇ ಒಂದು ಕಟ್ಟಡದ ಒಳಗೆ ಹೋಗಲು ಸಮಯವಿದ್ದರೆ ಇಲ್ಲಿಗೇ ಹೋಗಿ. ಹೊರಗಿನಿಂದ ಭಾರವಾಗಿ ಕಾಣುವ ಕಟ್ಟಡ ಒಳಗೆ ಎಷ್ಟು ಹಗುರ ಅನ್ನಿಸುತ್ತದೆ ಅನ್ನೋದನ್ನು ಅಲ್ಲಿ ನಿಂತೇ ಅನುಭವಿಸಬೇಕು. 1703ರ ಬಿರುಗಾಳಿಗೆ ಇದರ ಚೂಪು ಶಿಖರ ಮುರಿದು ಹಜಾರದ ಮೇಲೆ ಬಿತ್ತು. ಆಮೇಲೆ ಶಿಖರವನ್ನು ಮತ್ತೆ ಕಟ್ಟಲಿಲ್ಲ, ಅದಕ್ಕೇ ಗೋಪುರ ಮೊಂಡಾಗಿ ಕಾಣುತ್ತದೆ.

ಈ ಶ್ರೀಮಂತಿಕೆಯ ಜೊತೆಗೆ ಡೆನ್ಮಾರ್ಕ್ ಜೊತೆ ಜಗಳವೂ ಬಂತು. ಬಾಲ್ಟಿಕ್ ಸಮುದ್ರದ ಬಾಗಿಲು ಡೆನ್ಮಾರ್ಕ್ ಕೈಯಲ್ಲಿತ್ತು. ಮೆಕ್ಲೆನ್‌ಬುರ್ಗ್ ಮನೆತನದ ಆಲ್‌ಬ್ರೆಕ್ಟ್ 1364ರಲ್ಲಿ ಸ್ವೀಡನ್ನಿನ ರಾಜನಾದ. 1389ರಲ್ಲಿ ಡೆನ್ಮಾರ್ಕ್ ಎದುರು ಸೋತು ಸೆರೆ ಸಿಕ್ಕಿದ. ಅವನ ಪರವಾಗಿದ್ದ ಸ್ಟಾಕ್‌ಹೋಮ್‌ಗೆ ಮುತ್ತಿಗೆ ಬಿದ್ದಾಗ ವಿಸ್ಮಾರ್ ಮತ್ತು ರೋಸ್ಟಾಕ್ ತಮ್ಮ ಬಂದರುಗಳನ್ನು ಡೆನ್ಮಾರ್ಕ್‌ಗೆ ತೊಂದರೆ ಕೊಡುವ ಯಾರಿಗಾದರೂ ಸರಿ ಅಂತ ತೆರೆದವು. ಪರವಾನಗಿ ಸಿಕ್ಕ ಆ ಗುಂಪುಗಳು ಯುದ್ಧ ಮುಗಿದ ಮೇಲೂ ಸುಲಿಗೆ ಬಿಡಲಿಲ್ಲ. ಕಡಲ್ಗಳ್ಳರ ವಿರುದ್ಧ ಒಂದಾಗಿ ಹೆಸರು ಮಾಡಿದ ಊರೇ ಕಡಲ್ಗಳ್ಳರಿಗೆ ಆಸರೆ ಕೊಟ್ಟಿತು. ಜರ್ಮನ್ ಮಕ್ಕಳಿಗೆಲ್ಲ ಗೊತ್ತಿರುವ ಕಡಲ್ಗಳ್ಳ ಷ್ಟ್ಯೋರ್ಟೆಬೆಕರ್ ಅನ್ನೋ ಹೆಸರು ವಿಸ್ಮಾರ್‌ನ 1380ರ ದಾಖಲೆಯಲ್ಲೇ ಒಂದು ಹೊಡೆದಾಟದ ಪ್ರಸಂಗದಲ್ಲಿ ಸಿಗುತ್ತದೆ.

1427ರಲ್ಲಿ ಹಾನ್ಸಾ ಹಡಗುಪಡೆ ಡೆನ್ಮಾರ್ಕ್ ಎದುರು ದೊಡ್ಡ ಪೆಟ್ಟು ತಿಂದಿತು. ವಿಸ್ಮಾರ್‌ನ ಕುಶಲಕರ್ಮಿಗಳು ರೊಚ್ಚಿಗೆದ್ದರು. ಊರಿನ ಮೇಯರ್ ಯೊಹಾನ್ ಬಾಂಟ್ಸ್‌ಕೊ ಮತ್ತು ಕೌನ್ಸಿಲ್ ಸದಸ್ಯ ಹಿನ್‌ರಿಕ್ ಫಾನ್ ಹಾರೆನ್ ಅವರ ತಲೆ ಕಡಿಸಿದರು. ಇಂದು ಕಾಫಿ ಕುಡಿಯುತ್ತಾ ಕೂರುವ ಮಾರುಕಟ್ಟೆ ಚೌಕದಲ್ಲೇ ಇದು ನಡೆದಿದ್ದು. ವ್ಯಾಪಾರಿಗಳ ಆಡಳಿತ ಎಲ್ಲರ ಆಡಳಿತವಾಗಿರಲಿಲ್ಲ ಅನ್ನೋದನ್ನು ಹಾನ್ಸಾ ಬಗ್ಗೆ ಹೊಗಳಿ ಬರೆಯುವವರು ಮರೆಯಬಾರದು.

ಅದೇ ಚೌಕದ ಒಂದು ಮೂಲೆಯಲ್ಲಿ ಹನ್ನೆರಡು ಮೂಲೆಯ ಮಂಟಪವಿದೆ, ತಾಮ್ರದ ಚಾವಣಿಯದು. ಹೆಸರು ವಾಸರ್‌ಕುನ್ಸ್ಟ್. ಡಚ್ ಶಿಲ್ಪಿ ಫಿಲಿಪ್ ಬ್ರಾಂಡಿನ್ ಯೋಜನೆಯಂತೆ 1580ರಿಂದ 1602ರವರೆಗೆ ಕಟ್ಟಿದ್ದು. ಊರ ಹೊರಗಿನ ಮೆಟೆಲ್ಸ್‌ಡಾರ್ಫ್‌ನ ಬುಗ್ಗೆಯಿಂದ ಮರದ ಕೊಳವೆಗಳಲ್ಲಿ ನೀರು ಇಲ್ಲಿಗೆ ಬಂದು ಮನೆಗಳಿಗೆ ಹಂಚಿಕೆಯಾಗುತ್ತಿತ್ತು. 1897ರವರೆಗೂ ಊರು ಈ ನೀರನ್ನೇ ಕುಡಿಯಿತು.

ಸ್ವೀಡನ್ನಿನ ಕಾಲ

ಹಾನ್ಸಾ ಒಂದೇ ದಿನಕ್ಕೆ ಬೀಳಲಿಲ್ಲ. ಹೆರಿಂಗ್ ಮೀನಿನ ಹಿಂಡುಗಳು ಸ್ಕೋನೆ ತೀರ ಬಿಟ್ಟವು. ಡಚ್ಚರ ಹಡಗುಗಳು ಅಗ್ಗವಾದವು. ರಾಜರ ದೇಶಗಳು ಬಲವಾದವು. 1669ರಲ್ಲಿ ನಡೆದ ಸಭೆಯೇ ಹಾನ್ಸಾದ ಕೊನೆಯ ಸಭೆಯಾಯಿತು. ಅಷ್ಟರಲ್ಲಿ ಜರ್ಮನ್ ಸೀಮೆಯನ್ನು ಮೂವತ್ತು ವರ್ಷಗಳ ಯುದ್ಧ ತುಳಿದು ಹಾಕಿತ್ತು. 1632ರಲ್ಲಿ ಸ್ವೀಡನ್ ಪಡೆ ವಿಸ್ಮಾರ್ ಗೆದ್ದಿತು, ಆ ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ ಊರು ಅಧಿಕೃತವಾಗಿ ಅದರದ್ದಾಯಿತು.

ಸ್ವೀಡನ್ ಬಾಲ್ಟಿಕ್ ಸುತ್ತ ಸಾಮ್ರಾಜ್ಯ ಕಟ್ಟುತ್ತಿತ್ತು. ದಕ್ಷಿಣ ದಂಡೆಯಲ್ಲಿ ಸೈನ್ಯ ಇಳಿಸಲು ಅದಕ್ಕೊಂದು ಒಳ್ಳೆಯ ಬಂದರು ಬೇಕಿತ್ತು. ವಿಸ್ಮಾರ್ ಸುತ್ತ ಆ ಕಾಲದ ಯುರೋಪಿನ ದೊಡ್ಡ ಕೋಟೆಗಳಲ್ಲಿ ಒಂದನ್ನು ಕಟ್ಟಿದರು. ಜರ್ಮನ್ ನೆಲದಲ್ಲಿ ಸ್ವೀಡನ್‌ಗಿದ್ದ ಎಲ್ಲ ಪ್ರದೇಶಗಳಿಗೂ ಮೇಲಿನ ಕೋರ್ಟನ್ನು 1653ರಲ್ಲಿ ಇಲ್ಲೇ, ಫ್ಯೂರ್ಸ್ಟನ್‌ಹೋಫ್ ಅರಮನೆಯಲ್ಲಿ ತೆರೆದರು. ಅದೇ ಕಟ್ಟಡದಲ್ಲಿ ಈಗಲೂ ಊರಿನ ಕೋರ್ಟು ನಡೆಯುತ್ತದೆ. 1700ರ ಸುಮಾರಿಗೆ ಕಟ್ಟಿದ ಆಯುಧ ಶಾಲೆ ಈಗ ಸಾರ್ವಜನಿಕ ಗ್ರಂಥಾಲಯ. ಕೋಟೆ ಮಾತ್ರ ಉಳಿಯಲಿಲ್ಲ. 1716ರಲ್ಲಿ ಸ್ವೀಡನ್ ಇಲ್ಲಿ ಸೋತಿತು, ಗೆದ್ದವರು ಕೋಟೆ ಕೆಡವಿದರು, ಊರನ್ನು ಮಾತ್ರ ಸ್ವೀಡನ್‌ಗೇ ವಾಪಸು ಕೊಟ್ಟರು. ಕೋಟೆಯಿಲ್ಲದ ಬಂದರನ್ನು ಕಡಲಾಚೆಯಿಂದ ಕಾಯುವುದು ಸ್ವೀಡನ್‌ಗೆ ಬರೀ ಖರ್ಚಾಯಿತು.

ಭೋಗ್ಯದ ಮಾತು ಬಂದದ್ದು ಹೀಗೆ. 1803ರಲ್ಲಿ ಸ್ವೀಡನ್ನಿನ ಮಾಲ್ಮೊ ಊರಿನಲ್ಲಿ ಕರಾರಾಯಿತು. ಹಣ ಸ್ವೀಡನ್‌ಗೆ. ವಿಸ್ಮಾರ್ ಊರು, ಪೋಯೆಲ್ ದ್ವೀಪ, ನೊಯ್‌ಕ್ಲೋಸ್ಟರ್ ಸೀಮೆ ಮೆಕ್ಲೆನ್‌ಬುರ್ಗ್ ವಶಕ್ಕೆ. ತೆರಿಗೆ, ಸುಂಕ, ಆಡಳಿತ ಎಲ್ಲ ಡ್ಯೂಕ್‌ನದ್ದು. ಮಾಲಿಕತ್ವ ಮಾತ್ರ ಕಾಗದದ ಮೇಲೆ ಸ್ವೀಡನ್‌ದೇ. ನೂರು ವರ್ಷದ ಬಳಿಕ ಅಸಲಿಗೆ ವರ್ಷಕ್ಕೆ 3 ಶೇಕಡಾ ಬಡ್ಡಿ ಸೇರಿಸಿ ಕೊಟ್ಟರೆ ಊರನ್ನು ಬಿಡಿಸಿಕೊಳ್ಳಬಹುದು. 3 ಶೇಕಡಾ ಅಂದರೆ ಏನು ಮಹಾ ಅನ್ನಿಸಬಹುದು, ಅಲ್ವಾ? ಆದರೆ ನೂರು ವರ್ಷದ ಚಕ್ರಬಡ್ಡಿ ಹಾಕಿ ನೋಡಿ, ಮೊತ್ತ ಅಸಲಿನ 19 ಪಟ್ಟು ದಾಟುತ್ತದೆ.

ಯೋಚಿಸಿ, ಆ ನೂರು ವರ್ಷ ಯಾವುದು? ಯುರೋಪಿನ ಊರುಗಳು ಕಾರ್ಖಾನೆ ಕಟ್ಟಿ, ಹಳೆಯ ಬೀದಿ ಒಡೆದು ಅಗಲ ಮಾಡಿ, ಹಳೆಯ ಮನೆ ಕೆಡವಿ ದೊಡ್ಡದಾದ ಶತಮಾನ. ನಾಳೆ ಇನ್ನೊಬ್ಬರ ಕೈಗೆ ಹೋಗಬಹುದಾದ ಬಂದರಿಗೆ ಮನಸ್ಸಿಟ್ಟು ಹಣ ಸುರಿಯುವವರು ಯಾರು? ರೋಸ್ಟಾಕ್, ಲ್ಯೂಬೆಕ್ ಮುಂದೆ ಹೋದವು, ವಿಸ್ಮಾರ್ ಹಿಂದೆ ಬಿತ್ತು. ಇಂದು ನಾವು ನೋಡಲು ಹೋಗುವ ಹಳೆಯ ಊರು ಉಳಿದಿರುವುದಕ್ಕೆ ಆ ಕಾಲದ ಬಡತನ ಮುಖ್ಯ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಬೀದಿಗಳ ಚೆಲುವನ್ನು ನೋಡುವಾಗ ಅಲ್ಲಿ ಕೆಲಸವಿಲ್ಲದೆ ಊರು ಬಿಟ್ಟವರನ್ನೂ ನೆನೆಯಬೇಕು. 1903ರಲ್ಲಿ ಸ್ವೀಡನ್ ತನ್ನ ಬಿಡಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟಿತು. ಅಷ್ಟು ಹಣ ಕೊಟ್ಟು, ಅಷ್ಟರಲ್ಲಿ ಬಲಿಷ್ಠವಾಗಿದ್ದ ಜರ್ಮನ್ ಸಾಮ್ರಾಜ್ಯದೊಳಗಿನ ಒಂದು ಊರನ್ನು ಕೇಳುವ ಪರಿಸ್ಥಿತಿ ಆಗ ಇರಲಿಲ್ಲ.

ಈ ನಡುವೆ, 1848ರಲ್ಲಿ, ಗೊಟ್‌ಲೋಬ್ ಫ್ರೆಗೆ ಇಲ್ಲಿ ಹುಟ್ಟಿದ. ಇಂದಿನ ತರ್ಕಶಾಸ್ತ್ರಕ್ಕೆ ಬುನಾದಿ ಹಾಕಿದವನು. ಕಂಪ್ಯೂಟರ್ ವಿಜ್ಞಾನ ಓದಿದವರು ಅವನಿಗೆ ಒಂದು ನಮಸ್ಕಾರ ಹೇಳಲೇಬೇಕು. 1881ರಲ್ಲಿ ರುಡಾಲ್ಫ್ ಕಾರ್‌ಸ್ಟಾಟ್ ತನ್ನ ಮೊದಲ ಬಟ್ಟೆ ಅಂಗಡಿ ತೆರೆದದ್ದೂ ಇಲ್ಲೇ. ಮುಂದೆ ಅದು ಜರ್ಮನಿಯ ತುಂಬ ಹರಡಿದ ದೊಡ್ಡ ಮಳಿಗೆಗಳ ಸರಣಿಯಾಯಿತು.

ಬಾಂಬು, ಡೈನಮೈಟು, ಬಿರುಗಾಳಿ

1945ರ ಏಪ್ರಿಲ್ ಮಧ್ಯದಲ್ಲಿ, ಯುದ್ಧ ಮುಗಿಯಲು ಮೂರೇ ವಾರ ಇದ್ದಾಗ, ವಿಸ್ಮಾರ್ ಮೇಲೆ ಬಾಂಬು ಬಿತ್ತು. ಊರಿನ ಮೂರು ದೊಡ್ಡ ಚರ್ಚುಗಳಲ್ಲಿ ಎರಡು, ಮರೀನ್ ಮತ್ತು ಗೆಯೋರ್ಗನ್, ಹಾಳಾದವು. ಮೇ ತಿಂಗಳಲ್ಲಿ ಕೆನಡಾದ ಮತ್ತು ಬ್ರಿಟನ್ನಿನ ಪಡೆಗಳು ಇಲ್ಲಿಗೆ ಬಂದವು. ಬ್ರಿಟನ್ನಿನ ಮಾಂಟ್‌ಗೊಮರಿ ಮತ್ತು ಸೋವಿಯತ್ ಸೇನಾಪತಿ ರೊಕೊಸೊವ್ಸ್‌ಕಿ ಭೇಟಿಯಾದದ್ದು ವಿಸ್ಮಾರ್‌ನಲ್ಲೇ. ಜುಲೈ ಹೊತ್ತಿಗೆ ಊರು ಸೋವಿಯತ್ ವಶಕ್ಕೆ ಹೋಯಿತು, ಆಮೇಲೆ ಪೂರ್ವ ಜರ್ಮನಿಯ ಭಾಗವಾಯಿತು.

1960ರಲ್ಲಿ ಆ ಸರ್ಕಾರ ಮರೀನ್ ಚರ್ಚಿನ ಉಳಿದ ಹಜಾರವನ್ನು ಡೈನಮೈಟ್ ಇಟ್ಟು ಉರುಳಿಸಿತು. ದುರಸ್ತಿ ಮಾಡಬಹುದಾಗಿದ್ದ ಕಟ್ಟಡ. ಸುಮಾರು 80 ಮೀಟರ್ ಎತ್ತರದ ಗೋಪುರ ಉಳಿದದ್ದು ಹಡಗುಗಳಿಗೆ ದಾರಿ ಗುರುತು ಅನ್ನುವ ಕಾರಣಕ್ಕೆ. ಈಗ ಚರ್ಚು ಇದ್ದ ಜಾಗದಲ್ಲಿ ಅದರ ನಕ್ಷೆಯನ್ನು ಇಟ್ಟಿಗೆಯ ಗಿಡ್ಡ ಗೋಡೆಗಳಲ್ಲಿ ಕಟ್ಟಿದ್ದಾರೆ. ಇಲ್ಲದ ಚರ್ಚಿನ ಅಗಲ ಎಷ್ಟಿತ್ತೆಂದು ಅದರೊಳಗೆ ನಡೆದು ನೋಡಬಹುದು. ಗೋಪುರದ ಒಳಗೆ ಇಟ್ಟಿಗೆ ಚರ್ಚು ಕಟ್ಟುವ ಬಗೆಯನ್ನು ವಿವರಿಸುವ ಪ್ರದರ್ಶನವಿದೆ, ಮಕ್ಕಳಿದ್ದರೆ ತಪ್ಪಿಸಬೇಡಿ.

ಗೆಯೋರ್ಗನ್ ಚರ್ಚು 45 ವರ್ಷ ಚಾವಣಿಯಿಲ್ಲದೆ ನಿಂತಿತ್ತು. 1990ರ ಜನವರಿಯಲ್ಲಿ, ಬರ್ಲಿನ್ ಗೋಡೆ ಬಿದ್ದು ಎರಡೂವರೆ ತಿಂಗಳಾಗಿತ್ತಷ್ಟೇ, ಬಿರುಗಾಳಿಗೆ ಅದರ ಒಂದು ದೊಡ್ಡ ಗೋಡೆ ಕುಸಿದು ಪಕ್ಕದ ಮನೆಗಳ ಮೇಲೆ ಬಿತ್ತು. ಜನ ಎಚ್ಚೆತ್ತರು. ಸ್ಮಾರಕ ರಕ್ಷಣೆಯ ಜರ್ಮನ್ ಪ್ರತಿಷ್ಠಾನ ಮುಂದೆ ಬಂತು. ಇಪ್ಪತ್ತು ವರ್ಷದ ಕೆಲಸದ ನಂತರ 2010ರಲ್ಲಿ ಚರ್ಚು ಮತ್ತೆ ತೆರೆಯಿತು. ಹಿಂದಿನಂತೆ ಚಿತ್ರ, ಪೀಠ ತುಂಬದೆ ಒಳಗನ್ನು ಬರಿದಾಗಿಯೇ ಬಿಟ್ಟಿದ್ದಾರೆ. ಆ ನಿರ್ಧಾರ ನನಗೆ ತುಂಬಾ ಸರಿ ಅನ್ನಿಸುತ್ತದೆ. ಗೋಡೆಗಳ ಮೇಲೆ ಹಳೆಯ ಇಟ್ಟಿಗೆ ಯಾವುದು, ಹೊಸದು ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಅದರ ಮೇಲೆ 35 ಮೀಟರ್ ಎತ್ತರದಲ್ಲಿ ನಿಂತು ನೋಡುವ ಕಟ್ಟೆಯಿದೆ, ಲಿಫ್ಟ್ ಕೂಡ ಇದೆ.

ಹೋಗುವವರಿಗೆ ಕೆಲವು ಮಾತು. ಹ್ಯಾಂಬುರ್ಗ್‌ನಿಂದ ರೈಲಿನಲ್ಲಿ ಷ್ವೆರಿನ್ ಕಡೆ ಹೋಗಿ, ಬಾಡ್ ಕ್ಲೈನೆನ್‌ನಲ್ಲಿ ರೈಲು ಬದಲಿಸಿದರೆ ವಿಸ್ಮಾರ್ ಸಿಗುತ್ತದೆ. ನಿಲ್ದಾಣದಿಂದ ಬಂದರಿಗೂ ಹಳೆಯ ಊರಿಗೂ ನಡೆದೇ ಹೋಗಬಹುದು. ಮೊದಲು ಗೆಯೋರ್ಗನ್ ಚರ್ಚಿನ ಮೇಲೆ ಹತ್ತಿ. ಕೊಲ್ಲಿ, ಪೋಯೆಲ್ ದ್ವೀಪ, ಬಂದರಿನ ಕಡೆ ಇಳಿಯುವ ಬೀದಿಗಳು, ಇಷ್ಟು ಹೊತ್ತು ಹೇಳಿದ್ದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಇಳಿದು, ಊರಿನ ನಡುವೆ ಹರಿಯುವ ಗ್ರೂಬೆ ಕಾಲುವೆಯ ಪಕ್ಕದಲ್ಲೇ ಹಳೆಯ ಬಂದರಿಗೆ ಬನ್ನಿ. ಇದು ಮನುಷ್ಯರು ತೋಡಿದ ಕಾಲುವೆ. ಬಂದರಿನ ಹತ್ತಿರ ಕಾಲುವೆಯ ಮೇಲೆಯೇ ನಿಂತ ಮರದ ಚೌಕಟ್ಟಿನ ಒಂದು ಹಳೆಯ ಮನೆ ಸಿಗುತ್ತದೆ. 1450ರ ಸುಮಾರಿನ ವಾಸರ್‌ಟೋರ್ ಕೂಡ ಅಲ್ಲೇ. ಹಳೆಯ ಊರಗೋಡೆಗಿದ್ದ ಐದು ಬಾಗಿಲುಗಳಲ್ಲಿ ಉಳಿದಿರುವುದು ಇದೊಂದೇ.

ಬಂದರಿನ ತುದಿಯಲ್ಲಿ ಬೌಮ್‌ಹೌಸ್ ಅನ್ನೋ ಸಣ್ಣ ಕಟ್ಟಡ. ರಾತ್ರಿ ಬಂದರಿನ ಬಾಯಿಗೆ ಅಡ್ಡವಾಗಿ ಮರದ ದಿಮ್ಮಿ ಎಳೆದು ಮುಚ್ಚುತ್ತಿದ್ದವರು ಇಲ್ಲಿರುತ್ತಿದ್ದರು. ಅದರ ಮುಂದೆ ಎರಡು ಬಣ್ಣದ ತಲೆಗಳು ನಿಂತಿವೆ. ದಪ್ಪ ಮೀಸೆ, ನೆತ್ತಿಯ ಮೇಲೆ ಸಿಂಹದ ಮುಖದ ಟೋಪಿ. ಊರಿನವರು ಇವಕ್ಕೆ ಸ್ವೀಡನ್ ತಲೆಗಳು ಅನ್ನುತ್ತಾರೆ. ಹಿಂದೆ ಇವು ಹಡಗು ದಾರಿಯ ಅಂಚಿನ ಕಂಬಗಳ ಮೇಲಿದ್ದವು. ಈಗ ಹೊರಗಿರುವುದು ಪ್ರತಿ, ಉಳಿದ ಒಂದು ಮೂಲ ತಲೆ ಷಾಬೆಲ್ ಹೌಸ್ ಮ್ಯೂಸಿಯಂನಲ್ಲಿದೆ. ಸ್ವೀಡನ್ನಿನ ನೆನಪನ್ನು ಊರು ಕಹಿಯಾಗಿ ಇಟ್ಟುಕೊಂಡಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಶ್ವೀಡನ್‌ಫೆಸ್ಟ್ ಅಂತ ಹಬ್ಬ ಮಾಡುತ್ತಾರೆ. ಆ ದಿನಗಳಲ್ಲಿ ಹೋಗುವುದಾದರೆ ರೂಮು ಮುಂಚೆಯೇ ಬುಕ್ ಮಾಡಿಕೊಳ್ಳಿ.

ಧಕ್ಕೆಗೆ ಕಟ್ಟಿದ ದೋಣಿಗಳಿಂದಲೇ ಮೀನು ಬನ್ನು ಮಾರುತ್ತಾರೆ. ಉಪ್ಪಿನಲ್ಲಿ ಅಥವಾ ವಿನೆಗರ್‌ನಲ್ಲಿ ಹಾಕಿದ ಹೆರಿಂಗ್, ಹಸಿ ಈರುಳ್ಳಿ, ಗಟ್ಟಿ ಬನ್ನು. ಮೀನು ತಿನ್ನುವವರು ಇದನ್ನು ಬಿಡಬಾರದು. ಸಸ್ಯಾಹಾರಿಗಳು ಮಾರುಕಟ್ಟೆ ಚೌಕದ ಕಡೆ ಹೋಗುವುದು ವಾಸಿ. ಬೇಸಿಗೆಯಲ್ಲೂ ಬಂದರಿನ ಗಾಳಿ ತಣ್ಣಗಿರುತ್ತದೆ, ಒಂದು ಜಾಕೆಟ್ ಕೈಯಲ್ಲಿರಲಿ.

ಹಳೆಯ ಬಂದರಿನಿಂದ ಪಶ್ಚಿಮಕ್ಕೆ ನೋಡಿದರೆ ಚರ್ಚುಗಳಿಗೇ ಸವಾಲು ಹಾಕುವಂಥ ದೊಡ್ಡ ಷೆಡ್ಡು ಕಾಣುತ್ತದೆ. ಅದು ಹಡಗು ಕಟ್ಟುವ ಕಾರ್ಖಾನೆ. 1946ರಲ್ಲಿ ಸೋವಿಯತ್ ಹಡಗುಗಳ ರಿಪೇರಿಗೆಂದು ಶುರುವಾದ ಜಾಗ. ಅದನ್ನು ನಡೆಸುತ್ತಿದ್ದ ಕಂಪನಿ 2022ರಲ್ಲಿ ದಿವಾಳಿಯಾದಾಗ ಒಳಗೊಂದು ಬೃಹತ್ ವಿಹಾರ ಹಡಗು ಅರ್ಧಕ್ಕೆ ನಿಂತಿತ್ತು. ಡಿಸ್ನಿ ಅದನ್ನು ಕೊಂಡಿತು. ಸಿಂಗಪುರವನ್ನು ನೆಲೆ ಮಾಡಿಕೊಂಡು ಓಡಲೆಂದು ಅದರ ಕೆಲಸ ಇಲ್ಲೇ ಮುಂದುವರಿಯಿತು. ಕಾರ್ಖಾನೆಯನ್ನು ಈಗ ಟಿಕೆಎಂಎಸ್ ಅನ್ನೋ ನೌಕಾ ಕಂಪನಿ ಕೊಂಡಿದೆ. ಬಂದರಿನಿಂದ ಹೊರಡುವ ಪ್ರವಾಸಿ ದೋಣಿ ಹತ್ತಿದರೆ ಈ ಷೆಡ್ಡನ್ನು ನೀರಿನ ಕಡೆಯಿಂದ ನೋಡಬಹುದು. ಪೋಯೆಲ್‌ಗೆ ಹೋಗುವ ದೋಣಿಗಳೂ ಬೇಸಿಗೆಯಲ್ಲಿ ಇಲ್ಲಿಂದಲೇ ಹೊರಡುತ್ತವೆ.